ಆಯುಧಶಾಲೆಯ ಕಾವಲುಗಾರ

ಮೆಟ್ಟಿಲ ಕಡೆಯಿಂದ ಹೆಂಡತಿಯ ನಗು ಕೇಳಿಸಿದಾಗ ಅವನ ಜೀವ ಬಾಯಿಗೆ ಬಂತು. ಓಡುವಂತಿರಲಿಲ್ಲ. ತಲೆಯಿಂದ ಕಾಲಿನವರೆಗೆ ಉಕ್ಕಿನ ಕವಚ, ಕೈಯಲ್ಲಿ ಭರ್ಜಿ, ಎದುರಿಗೆ ಮೇಲ್ವಿಚಾರಕ.

ಕೋಟೆ ಮ್ಯೂಸಿಯಂ ಆದ ಮೇಲೆ ಆಯುಧಶಾಲೆಯ ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತಿದ್ದರು. ಕವಚದೊಳಗಿರುವುದು ಬೊಂಬೆಯೋ ಮನುಷ್ಯನೋ ಎಂದು ಪ್ರವಾಸಿಗರು ಬಾಜಿ ಕಟ್ಟುತ್ತಿದ್ದರು. ಅಲುಗಾಡಿದರೆ ಆಟ ಕೆಡುತ್ತಿತ್ತು, ಕೆಲಸವೂ ಹೋಗುತ್ತಿತ್ತು. ವಿಮಾ ಕಂಪನಿ ತನ್ನನ್ನು ಹೊರಹಾಕಿದ್ದನ್ನು ಅವನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಈಗಲೂ ಬೆಳಿಗ್ಗೆ ಟೈ ಕಟ್ಟಿಕೊಂಡೇ ಹೊರಡುತ್ತಿದ್ದ.

ಕಬ್ಬಿಣದ ಟೋಪಿಯ ಕಿಂಡಿಯಲ್ಲಿ ಅವಳು ಕಂಡಳು. ಪಕ್ಕದಲ್ಲಿ ಅವನ ತಮ್ಮ, ಮದುವೆಯಾಗದೆ ಅವರ ಮನೆಯಲ್ಲೇ ಇದ್ದವನು. ಮೇಲಿನ ದರ್ಬಾರು ಹಾಲಿನಲ್ಲಿ ಸಂಗೀತ ಕಚೇರಿಯಿತ್ತು, ಅದಕ್ಕೆ ಬಂದಿರಬೇಕು ಎಂದುಕೊಂಡ. ಆಮೇಲೆ ತಮ್ಮನ ಕೈ ಎಲ್ಲಿದೆ ಎಂದು ನೋಡಿದ. ಅವಳ ಸೊಂಟದ ಮೇಲಿತ್ತು.

"ಅತ್ತಿಗೆ, ಇದು ಬೊಂಬೆ ಅಲ್ವಾ?"

"ಅತ್ತಿಗೆ ಅನ್ನಬೇಡ ಅಂದಿದ್ದೆ." ಅವಳು ಕವಚವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನಾದರೇನು? ಮಾತಿಲ್ಲ, ಕತೆಯಿಲ್ಲ. ಇಂಥದೊಂದು ನಮ್ಮನೇಲೂ ಇದೆ."

ತಮ್ಮ ಕಿಸಕ್ಕನೆ ನಕ್ಕ. "ಪಾಪ, ಅಣ್ಣ."

"ಪಾಪ ಏನು ಬಂತು? ಆಫೀಸಲ್ಲಿ ತಲೆ ಎತ್ತೋಕೂ ಪುರುಸೊತ್ತಿಲ್ಲವಂತೆ."

ಅಷ್ಟು ಹೇಳಿ, ಕವಚದ ಎದುರಿಗೇ ನಿಂತು, ಅವಳು ಮೈದುನನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು. ಯಾವ ಆತುರವೂ ಇರಲಿಲ್ಲ.

ಭರ್ಜಿ ನಡುಗಿತು. ಮೇಲ್ವಿಚಾರಕ ಇತ್ತ ತಿರುಗಿದ. ಕವಚದೊಳಗೆ ಅವನು ಹಲ್ಲು ಕಚ್ಚಿ ಹಿಡಿತ ಬಿಗಿಮಾಡಿದ. ಈಗ ಕೂಗಿದರೆ ಆ ಇಬ್ಬರ ಮಾನ ಹೋಗುತ್ತದೆ, ನಿಜ. ಆದರೆ ಟೋಪಿ ತೆಗೆದ ಮೇಲೆ ತನ್ನದೇನು ಉಳಿಯುತ್ತದೆ? ಕಣ್ಣೀರು ಗದ್ದಕ್ಕಿಳಿದು ತುರಿಸಿತು. ಒರೆಸಿಕೊಳ್ಳುವಂತಿರಲಿಲ್ಲ. ಮನೆಗೆ ಹೋಗಿ ಏನೂ ಕಾಣದವನಂತೆ ಇದ್ದುಬಿಟ್ಟರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ತಾನು ನೋಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಸಂಸಾರ ಹೇಗೋ ನಡೆಯುತ್ತದೆ.

"ನೀನು ಹೋಗಿ ಸೀಟು ಹಿಡಿ, ಬಂದೆ," ಎಂದಳು ಅವಳು. ತಮ್ಮ ಮೆಟ್ಟಿಲು ಹತ್ತಿ ಮರೆಯಾದ.

ಅವಳು ಮುಂದೆ ಬಂದು, ಕಬ್ಬಿಣದ ಕಿಂಡಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು:

"ಅಡುಗೆ ಮಾಡಿಟ್ಟಿದ್ದೀನಿ ರೀ. ಬಡಿಸ್ಕೊಂಡು ಊಟ ಮಾಡಿ ಮಲಗಿ, ನಾವು ಬರೋದು ತಡವಾಗುತ್ತೆ."