ಖಾಲಿ ಗಾಜಿನ ಅಲೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಿಜವಾಗಿ ನಡೆದದ್ದು. ಗ್ರಾಫೀನ್ ಎಂಬ ಇಂಗಾಲದ ಅತಿ ತೆಳು ಹಾಳೆಯ ಮೇಲೆ ಎಲೆಕ್ಟ್ರಾನುಗಳನ್ನು ಒಂದೇ ಲಯದ ಅಲೆಯಾಗಿ ಕುಣಿಸಿದ್ದಕ್ಕೆ ಪ್ರಫುಲ್ಲಾಗೆ ಮರುದಿನ ಪಿಎಚ್‌ಡಿ ಸಿಗುವುದಿತ್ತು. ತಮಾಷೆಗೆ ಅವಳನ್ನು ಬೆಚ್ಚಿಬೀಳಿಸಲು, ಅವಳ ಲ್ಯಾಬಿನ ಗೆಳೆಯನಾದ ನಾನು ಅವಳ ಪ್ರಯೋಗದ ಯಂತ್ರದಿಂದ ಗ್ರಾಫೀನ್ ತೆಗೆದು ಖಾಲಿ ಗಾಜಿಟ್ಟೆ. ಅವಳ ಗೈಡ್ ಸಾರ್ ಅವರ ಮೂಗುದನಿಯಲ್ಲಿ ಫೋನೂ ಮಾಡಿದೆ: "ಏನಮ್ಮಾ, ಆ ಅಲೆ ಇನ್ನೊಂದ್ಸಲ ತೋರಿಸ್ತೀಯಾ?"

ಅವಳು ಬಂದು ಲೇಸರ್ ಹಚ್ಚಿದಳು. ತೆರೆಯ ಮೇಲೆ ಎಂದಿನ ಅಲೆಯೇ ಮೂಡಿತು.

"ಬಂತು ನೋಡೋ! ಸಾರ್ ಎಲ್ಲಿ?"

"ಸಾರ್ ನಾನೇ ಕಣೇ. ಆದ್ರೆ... ಒಳಗೆ ಗ್ರಾಫೀನೇ ಇಲ್ಲ. ಬರೀ ಗಾಜು."

ಅವಳು ಯಂತ್ರದ ಮುಚ್ಚಳ ತೆಗೆದು ಗಾಜನ್ನೇ ನೋಡುತ್ತ ನಿಂತಳು.

"ಹಾಗಾದ್ರೆ ಇಷ್ಟು ವರ್ಷ ನಾನು ಅಳೆದಿದ್ದು ಗ್ರಾಫೀನಿನ ಅಲೆ ಅಲ್ವಾ?"

ನಾನು ಗ್ರಾಫೀನ್ ತೆಗೆದಿಟ್ಟಿದ್ದ ಡಬ್ಬಿಯನ್ನು ಅವಳ ಮುಂದಿಟ್ಟೆ.

ತಮಾಷೆ ನೋಡಲು ಬಾಗಿಲ ಹಿಂದೆ ಅಡಗಿದ್ದ ಗೆಳೆಯರು, ಅವಳ ಪಿಎಚ್‌ಡಿಯೇ ಸುಳ್ಳಾಯಿತೆಂದು ತಿಳಿಯದೆ, ಘೊಳ್ಳೆಂದು ನಕ್ಕರು. ಅದು ತಿಳಿದೂ ಎಲ್ಲರಿಗಿಂತ ಜೋರಾಗಿ ನಕ್ಕವಳು ಪ್ರಫುಲ್ಲಾ.