ಸದ್ದಿಲ್ಲದ ಅಂಗಳ

ರೈಲು ನಿಲ್ದಾಣದ ಮುಂದೆ ಸದಾ ಗಿಜಿಗುಡುತ್ತಿದ್ದ ಬಯಲು ಈಗ ನೆಮ್ಮದಿಯ ಅಂಗಳವಾಗಿತ್ತು. ಆಟೋಗಳನ್ನು ಹಿಂಬದಿಗೆ ಸಾಗಿಸಿ, ಗಿಡ ನೆಟ್ಟು, ಕಲ್ಲುಬೆಂಚು ಹಾಕಿ, ಯಾರೂ ಕೂಗಿ ಮಾರಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಹೂವಿನ ಮುದುಕಿ ಮಾತ್ರ "ಸೇವಂತೀ... ಸೇವಂತೀ..." ಎಂದು ಕೂಗುವುದನ್ನು ಬಿಟ್ಟಿರಲಿಲ್ಲ. ಇನ್ನೊಂದು ದೂರು ಬಂದರೆ ಅವಳ ಜಾಗವೇ ಹೋಗುತ್ತಿತ್ತು. ಕಾವಲಿನ ಚೆಲುವಯ್ಯ ಮರುಕಪಟ್ಟು, 'ಸೇವಂತಿ' ಎಂದು ದಪ್ಪಕ್ಷರದಲ್ಲಿ ಬರೆಸಿದ ಹಲಗೆಯೊಂದನ್ನು ತಂದು ಅವಳ ಬುಟ್ಟಿಯ ಪಕ್ಕ ನಿಲ್ಲಿಸಿದ.

"ತಗಾ ಅಜ್ಜಿ, ಇನ್ಮೇಲೆ ಇದೇ ಕೂಗ್ತದೆ. ನೀನು ಬಾಯ್ ಮುಚ್ಕೊಂಡು ಕೂತ್ಕೊ."

"ನಿನ್ ಹಲ್ಗೆಗೆ ಗಂಟ್ಲು ಎಲ್ಲದೆ? ನಾನು ಕೂಗ್ಲೇಬೇಕು ಕಣಪ್ಪ."

"ಕೂಗ್ದಿದ್ರೂ ಹೂವು ಮಾರೋಯ್ತವೆ. ಹಟ ಮಾಡಿ ಜಾಗ ಕಳ್ಕೊಂಡೀಯ, ನೋಡು!"

"ಹೂವಿನ ಮಾತು ಬುಡು. ಇಷ್ಟ್ ವರ್ಸ ಗದ್ಲದಾಗೆ ನನ್ ಕೂಗು ಕೇಳ್ತಿರ್ಲಿಲ್ಲ. ಈಗ್ಲಾದ್ರೂ ಕೇಳ್ತದೆ ಅಂತಿದ್ದೆ."

"ಯಾರ್ಗೆ ಕೇಳ್ಬೇಕು?" ಎಂದು ಚೆಲುವಯ್ಯ ನಕ್ಕ.

ಮುದುಕಿ ಹಲಗೆಯನ್ನೇ ನೋಡುತ್ತ ಹೇಳಿದಳು: "ಇಲ್ಲೇ ಜನದ ನಡುವೆ ಕೈ ತಪ್ಪೋದ ನನ್ ಕೂಸಿಗೆ. ಸೇವಂತಿ ಅಂತ ಅದರ ಹೆಸ್ರು. ಓದಾಕೆ ಬರಾಕಿಲ್ಲ ಕಣಪ್ಪ ಅದಕ್ಕೆ."