ಕಳೆನಾಶಕದ ಬಾಟಲಿ

"ನಿನ್ನೆ ಹೆಂಡ್ತೀನ ಕಳಿಸಿದ್ರೆ ಕಳೆನಾಶಕ ಇಲ್ಲ ಅಂದ್ರಂತೆ. ಇಲ್ಲೇ ಸಾಲಾಗಿ ಇಟ್ಟಿದ್ದೀರಲ್ಲ, ಮುದಲಾಳಿ?" ಎಂದು ಸರತ್ ರೇಗಿದ.

ಶ್ರೀಲಂಕಾದ ತಂಬುತ್ತೇಗಮದ ಆ ಬೆಳೆ ಔಷಧಿಯಂಗಡಿಯ ಮಾಲೀಕ ವಿಮಲದಾಸ ಬಾಟಲಿ ತೆಗೆದುಕೊಟ್ಟ. ನಿನ್ನೆ ಇಂದ್ರಾಣಿ ಅತ್ತು ಊದಿದ ಕಣ್ಣಲ್ಲಿ ಬಂದಿದ್ದಳು. ಅದಕ್ಕೇ ಅವನು ಸುಳ್ಳು ಹೇಳಿದ್ದ. ಈಗ ಅವಳು ಗಂಡನ ಬೈಕಿನ ಪಕ್ಕ ನಿಂತಿದ್ದಳು.

"ಇದನ್ನ ನೀವೇ ಬೀಗ ಹಾಕಿ ಇಡಿ, ಸರತ್."

"ಬೀಗ ಹಾಕೋಕೆ ಇದೇನ್ ಬಂಗಾರಾನಾ?" ಸರತ್ ನಗುತ್ತಾ ಬೈಕ್ ಹತ್ತಿ ಬಾಟಲಿಯನ್ನು ಹೆಂಡತಿಯತ್ತ ಚಾಚಿದ. "ಹಿಡ್ಕೋ."

ಇಂದ್ರಾಣಿ ಕೈ ಹಿಂದೆ ಕಟ್ಟಿಕೊಂಡಳು. "ನನ್ ಕೈಗೆ ಕೊಡಬೇಡಿ. ನಿನ್ನೆ ಸಿಕ್ಕಿದ್ರೆ ಅದು ಗದ್ದೆ ಮುಟ್ತಿರಲಿಲ್ಲ."

ಸರತ್ ಸುತ್ತಲಿನ ಜನರನ್ನು ನೋಡಿದ. "ಅಂಗಡಿ ಮುಂದೆ ನಾಟಕ ಬೇಡ, ಹತ್ತು."

ವಿಮಲದಾಸ ಹೊರಬಂದು ಅವನ ಕೈಯಿಂದ ಬಾಟಲಿ ಕಿತ್ತುಕೊಂಡ.